ಭಾರತವೂ ಶ್ರೀಲಂಕಾ ಆಗುತ್ತಾ? ಹಾವೇರಿಯ ಮಾಸ್ತರರಿಗೆ ಒಂದು ಉತ್ತರ

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಹಳ್ಳಿಯವನು. ಹೈಸ್ಕೂಲ್ ಮಾಸ್ತರನಾಗಿ ನಿವೃತ್ತನಾಗಿದ್ದೇನೆ. 1985ರಲ್ಲಿ ಕೆಲಸಕ್ಕೆ ಸೇರಿದಾಗ ಡಾಲರ್‌ಗೆ 12 ರೂಪಾಯಿ ಚಿಲ್ಲರೆ ಇತ್ತು, ಈಗ ತೊಂಬತ್ತರ ಆಸುಪಾಸು. ಟಿವಿಯಲ್ಲಿ ಒಬ್ಬರು ಭಾರತ ಜಗತ್ತಿನ ದೊಡ್ಡ ಆರ್ಥಿಕತೆಗಳಲ್ಲಿ ಒಂದು ಅಂತಾರೆ, ಇನ್ನೊಬ್ಬರು ಮುಂದಿನ ಶ್ರೀಲಂಕಾ ನಾವೇ ಅಂತಾರೆ. ಅಪ್ಪನ ಒಂಬತ್ತು ಎಕರೆ ನಾಲ್ಕು ಜನ ಅಣ್ಣತಮ್ಮಂದಿರಿಗೆ ಹಂಚಿ ನನ್ನ ಪಾಲಿಗೆ ಎರಡೂಕಾಲು ಎಕರೆ ಬಂತು. ಗೋವಿನಜೋಳ ಹಾಕುತ್ತೇವೆ. ಮಗ ಮೆಕ್ಯಾನಿಕಲ್ ಬಿಇ ಮುಗಿಸಿ ಮೂರು ವರ್ಷ ಆಯ್ತು. ಎರಡು ವರ್ಷ ಧಾರವಾಡದಲ್ಲಿ ರೂಮು ಮಾಡಿ ಪರೀಕ್ಷೆಗೆ ಓದಿದ. ಈಗ ಹುಬ್ಬಳ್ಳಿಯ ಒಂದು ಫ್ಯಾಕ್ಟರಿಯವರು ತಿಂಗಳಿಗೆ 16 ಸಾವಿರಕ್ಕೆ ಕರೆದಿದ್ದಾರೆ. ಅವನಿಗೆ ಮನಸ್ಸಿಲ್ಲ. ಮೂವತ್ತು ಲಕ್ಷ ಸಾಲ ಮಾಡಿ ವಿದೇಶಕ್ಕೆ ಎಂಎಸ್ ಓದೋಕೆ ಹೋಗ್ತೀನಿ ಅಂತಾನೆ. ನನ್ನ ನಿವೃತ್ತಿಯ ಹಣ 22 ಲಕ್ಷ ಒಂದೇ ಬ್ಯಾಂಕಿನ ಎಫ್‌ಡಿಯಲ್ಲಿದೆ. ಅದನ್ನು ತೆಗೆದು ಬಂಗಾರ ಕೊಂಡುಬಿಡಲಾ? ದೇಶ ನಿಜವಾಗ್ಲೂ ಮುಳುಗುತ್ತಾ? ಇದೆಲ್ಲ ಗ್ಯಾರಂಟಿ ಯೋಜನೆಗಳಿಂದ ಆಗ್ತಿದೆಯಾ?

ಉತ್ತರ: ಮಾಸ್ತರೇ, ನಿಮ್ಮ ಪತ್ರದಲ್ಲಿ ಎರಡು ಭಯಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಒಂದು, ಒಂದು ದಿನ ಬೆಳಗ್ಗೆ ಎದ್ದು ನೋಡಿದರೆ ಬ್ಯಾಂಕು, ಪೆಟ್ರೋಲ್ ಬಂಕು ಎಲ್ಲ ಬಾಗಿಲು ಹಾಕಿರಬಹುದು ಅನ್ನೋದು. ಇನ್ನೊಂದು, ಓದಿದ ಮಗನಿಗೆ ನೆಟ್ಟಗೆ ಒಂದು ಕೆಲಸ ಸಿಗಲ್ಲವಲ್ಲ ಅನ್ನೋದು. ಮೊದಲನೆಯದನ್ನು ಟಿವಿಯವರು ನಿಮ್ಮ ತಲೆಗೆ ತುಂಬಿದ್ದಾರೆ. ಎರಡನೆಯದು ನಿಮ್ಮ ಮನೆಯಲ್ಲೇ ಇದೆ. ನಾನು ಮೂವತ್ತು ವರ್ಷ ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗದಲ್ಲಿ ಕೆಲಸ ಮಾಡಿದವನು. ನನ್ನ ಪ್ರಕಾರ ನೀವು ಎರಡನೆಯದಕ್ಕೇ ಹೆದರಬೇಕು. ಅದೂ ಹೆದರಿ ಕೂರೋಕಲ್ಲ, ಲೆಕ್ಕ ಹಾಕೋಕೆ.

ಮೊದಲು ಶ್ರೀಲಂಕಾದಲ್ಲಿ ಆಗಿದ್ದೇನು ಅಂತ ನೋಡೋಣ. ಅಲ್ಲಿ ರೂಪಾಯಿ ಬೆಲೆ ಕಳೆದುಕೊಂಡಿದ್ದಷ್ಟೇ ಅಲ್ಲ, ಡಾಲರೇ ಖಾಲಿಯಾಯ್ತು. ಇವೆರಡೂ ಬೇರೆ ಬೇರೆ. ಅಕ್ಕಿ ತುಟ್ಟಿಯಾಗೋದು ಒಂದು, ಅಂಗಡಿಯಲ್ಲಿ ಅಕ್ಕಿಯೇ ಇಲ್ಲದಿರೋದು ಇನ್ನೊಂದು, ಅಲ್ವಾ?

2019ರ ಈಸ್ಟರ್ ದಿನದ ಬಾಂಬ್ ದಾಳಿಯಿಂದ ಅಲ್ಲಿನ ಪ್ರವಾಸೋದ್ಯಮ ನೆಲಕಚ್ಚಿತು. ಆ ವರ್ಷದ ಕೊನೆಗೆ ಬಂದ ಹೊಸ ಸರ್ಕಾರ ವ್ಯಾಟ್ ಅನ್ನು, ಅಂದರೆ ಸರಕಿನ ಮೇಲಿನ ಮಾರಾಟ ತೆರಿಗೆಯನ್ನು, ಶೇ 15ರಿಂದ ಶೇ 8ಕ್ಕೆ ಇಳಿಸಿತು. ಜನರಿಗೆ ಖುಷಿ, ಖಜಾನೆಗೆ ತೂತು. ಹಿಂದೆಯೇ ಕೋವಿಡ್ ಬಂತು. 2021ರ ಏಪ್ರಿಲ್‌ನಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನೇ ನಿಲ್ಲಿಸಿದರು. ಹೆಸರಿಗೆ ಸಾವಯವ ಕೃಷಿ, ಆದರೆ ಡಾಲರ್ ಉಳಿಸೋ ಆಸೆಯೂ ಅದರಲ್ಲಿತ್ತು ಅಂತ ನನಗನಿಸುತ್ತದೆ. ಭತ್ತದ ಇಳುವರಿ ಬಿತ್ತು, ಉಳಿಸೋಕೆ ಹೊರಟ ಡಾಲರನ್ನು ಅಕ್ಕಿ ತರಿಸೋಕೆ ಖರ್ಚು ಮಾಡಬೇಕಾಯ್ತು. ಗೊಬ್ಬರ ಇಲ್ಲದೆ ಗೋವಿನಜೋಳ ಎಷ್ಟು ಬರುತ್ತೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಇಷ್ಟೆಲ್ಲ ನಡೆಯುವಾಗ ಅಲ್ಲಿನ ಕೇಂದ್ರ ಬ್ಯಾಂಕು ಡಾಲರನ್ನು 200 ರೂಪಾಯಿಯ ಹತ್ತಿರ ಹಟ ಹಿಡಿದು ಕಟ್ಟಿಹಾಕಿತ್ತು. ಕುಕ್ಕರ್ ವಿಷಲ್ ಹೊಡೆಯದ ಹಾಗೆ ಮೇಲೆ ಕೈ ಒತ್ತಿ ಹಿಡಿದ ಹಾಗೆ. 2022ರ ಮಾರ್ಚ್‌ನಲ್ಲಿ ಕೈ ಬಿಟ್ಟರು. ಎರಡೇ ತಿಂಗಳಲ್ಲಿ ಡಾಲರ್ 360ಕ್ಕೆ ಹೋಯ್ತು. ಏಪ್ರಿಲ್ 12ಕ್ಕೆ ವಿದೇಶಿ ಸಾಲ ತೀರಿಸೋಕೆ ಆಗಲ್ಲ ಅಂತ ಕೈ ಎತ್ತಿದರು. ಕಾಗದ ಇಲ್ಲದೆ ಶಾಲೆಯ ಪರೀಕ್ಷೆ ಮುಂದೆ ಹೋಯ್ತು. ಮಾಸ್ತರಾದ ನಿಮಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಪೆಟ್ರೋಲ್‌ಗೆ ಕ್ಯೂಆರ್ ಕೋಡ್ ತಂದು ಪ್ರತಿ ಗಾಡಿಗೆ ವಾರಕ್ಕೆ ಇಷ್ಟೇ ಲೀಟರ್ ಅಂತ ಮಾಡಿದರು. ಸೆಪ್ಟೆಂಬರ್‌ನಲ್ಲಿ ಬೆಲೆಯೇರಿಕೆ ಶೇ 70ರ ಹತ್ತಿರ ಬಂತು.

ಚೀನಾ ಸಾಲದಿಂದಲೇ ಅವರು ಮುಳುಗಿದರು ಅನ್ನೋದು ಅರ್ಧ ಸತ್ಯ. ಅವರ ಹೊರದೇಶದ ಸಾಲದಲ್ಲಿ ಮೂರನೇ ಒಂದು ಭಾಗಕ್ಕೂ ಜಾಸ್ತಿ, ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಬಾಂಡ್, ಅಂದರೆ ಸಾಲಪತ್ರ, ಮಾರಿ ಎತ್ತಿದ್ದು. ಬಡ್ಡಿ ಜಾಸ್ತಿ, ವಾಯಿದೆ ಕಡಿಮೆ, ತೀರಿಸಬೇಕಾದ್ದು ಡಾಲರ್‌ನಲ್ಲೇ.

ಈಗ ನಮ್ಮ ಲೆಕ್ಕಕ್ಕೆ ಬನ್ನಿ. ನಮ್ಮ ಕೇಂದ್ರ, ರಾಜ್ಯ ಸರ್ಕಾರಗಳ ಸಾಲ ಕಡಿಮೆಯೇನಲ್ಲ. ಎರಡೂ ಸೇರಿದರೆ ಜಿಡಿಪಿಯ, ಅಂದರೆ ದೇಶದ ಒಂದು ವರ್ಷದ ಒಟ್ಟು ಉತ್ಪಾದನೆಯ, ಶೇ 80 ದಾಟುತ್ತದೆ. ಆದರೆ ಅದರಲ್ಲಿ ಬಹುಪಾಲು ರೂಪಾಯಿಯ ಸಾಲ, ನಮ್ಮವರಿಂದಲೇ ಎತ್ತಿದ್ದು. ನಿಮ್ಮ ಎಫ್‌ಡಿ ಇದೆಯಲ್ಲ, ಅದರಲ್ಲೂ ಒಂದು ಪಾಲನ್ನು ಬ್ಯಾಂಕು ಸರ್ಕಾರಿ ಬಾಂಡಿನಲ್ಲೇ ಹಾಕಿರುತ್ತದೆ. ಸರ್ಕಾರ, ಖಾಸಗಿ ಕಂಪನಿಗಳು ಎಲ್ಲ ಸೇರಿ ದೇಶದ ವಿದೇಶಿ ಸಾಲ ಜಿಡಿಪಿಯ ಐದನೇ ಒಂದು ಭಾಗದಷ್ಟು. ರಿಸರ್ವ್ ಬ್ಯಾಂಕಿನ ಹತ್ತಿರ 600 ಬಿಲಿಯನ್ ಡಾಲರ್‌ಗೂ ಹೆಚ್ಚು ಮೀಸಲಿದೆ. ನಾಳೆಯಿಂದ ಹೊರಗಿನಿಂದ ಒಂದು ಡಾಲರ್ ಬರದಿದ್ದರೂ ಹತ್ತು ತಿಂಗಳ ಆಸುಪಾಸಿನ ಆಮದಿಗೆ ಸಾಕು.

ಇದು ಯಾಕೆ ದೊಡ್ಡ ಮಾತು ಅಂದರೆ, 1991ರಲ್ಲಿ ನಮ್ಮ ಹತ್ತಿರ ಇದ್ದದ್ದು ಎರಡು-ಮೂರು ವಾರಕ್ಕೆ ಆಗೋವಷ್ಟು. ನಾನಾಗ ಹುಬ್ಬಳ್ಳಿ ಶಾಖೆಯಲ್ಲಿ ಕಿರಿಯ ಅಧಿಕಾರಿ. ಇರಾಕ್ ಕುವೈತಿಗೆ ನುಗ್ಗಿ ತೈಲದ ಬೆಲೆ ಏರಿತ್ತು. ಏಪ್ರಿಲ್ ಹೊತ್ತಿಗೆ ಹೊರಗಿನಿಂದ ಏನಾದರೂ ತರಿಸಬೇಕು ಅಂದರೆ ಸರಕಿನ ಬೆಲೆಯ ಎರಡು ಪಟ್ಟು ಹಣ ಮೊದಲೇ ಬ್ಯಾಂಕಿನಲ್ಲಿ ಇಡಬೇಕಿತ್ತು. ಗೋಕುಲ ರಸ್ತೆಯ ಒಬ್ಬ ಸಣ್ಣ ಕಾರ್ಖಾನೆ ಮಾಲೀಕರು ಜರ್ಮನಿಯ ಮಷೀನಿಗೆ ಒಂದು ಬೇರಿಂಗ್ ತರಿಸಬೇಕು ಅಂತ ದಿನಾ ಬಂದು ನನ್ನ ಮೇಜಿನ ಎದುರು ಕೂರುತ್ತಿದ್ದರು. ಚಹಾ ಕುಡಿದು ಎದ್ದು ಹೋಗುತ್ತಿದ್ದರು. ಅವರ ಮಷೀನು ಹಾಗೆಯೇ ಮುಚ್ಚಿಟ್ಟ ತಾಡಪತ್ರಿಯ ಕೆಳಗೆ ನಿಂತಿತ್ತು. ಡಾಲರ್ ಖಾಲಿ ಅಂದರೆ ಏನು ಅಂತ ನನಗೆ ಗೊತ್ತಾಗಿದ್ದು ಪುಸ್ತಕದಿಂದಲ್ಲ, ಆ ಖಾಲಿ ಚಹಾ ಕಪ್ಪಿನಿಂದ. ಆ ಮೇ ತಿಂಗಳಲ್ಲಿ 20 ಟನ್ ಬಂಗಾರ ಮಾರಿದರು, ಜುಲೈನಲ್ಲಿ ಸುಮಾರು 47 ಟನ್ ಅಡ ಇಟ್ಟರು. ಅದೇ ಜುಲೈ 1 ಮತ್ತು 3ರಂದು ಎರಡು ಕಂತಿನಲ್ಲಿ ರೂಪಾಯಿ ಬೆಲೆ ಇಳಿಸಿದರು. ಈಗ ರಿಸರ್ವ್ ಬ್ಯಾಂಕಿನಲ್ಲಿ ಸುಮಾರು 880 ಟನ್ ಬಂಗಾರ ಇದೆ. ಲಂಡನ್‌ನಲ್ಲಿ ಇಟ್ಟಿದ್ದರಲ್ಲಿ 100 ಟನ್ ಅನ್ನು ವಾಪಸ್ ತಂದ ಸುದ್ದಿ 2024ರಲ್ಲಿ ಬಂತು.

ಹಾಗಾದರೆ ರೂಪಾಯಿ ಇಳಿಯುತ್ತಿರೋದು? 12ರಿಂದ 90 ಅಂದರೆ ಎದೆ ಧಸಕ್ ಅನ್ನುತ್ತೆ. ನಲವತ್ತು ವರ್ಷಕ್ಕೆ ಹಂಚಿ ನೋಡಿ, ವರ್ಷಕ್ಕೆ ಸರಾಸರಿ ಶೇ 5. ನಮ್ಮಲ್ಲಿ ಬೆಲೆ ಏರೋದು ಅಮೆರಿಕಕ್ಕಿಂತ ಜಾಸ್ತಿ. ನಾವು ಹೊರಗೆ ಮಾರೋ ಸರಕಿಗಿಂತ ತರಿಸಿಕೊಳ್ಳೋದು ಜಾಸ್ತಿ. ಕಚ್ಚಾ ತೈಲದಲ್ಲಿ ಶೇ 85ಕ್ಕೂ ಹೆಚ್ಚು ಹೊರಗಿನದು, ಒಗ್ಗರಣೆಯ ಎಣ್ಣೆಯಲ್ಲೂ ಅರ್ಧಕ್ಕಿಂತ ಜಾಸ್ತಿ ಹೊರಗಿನದೇ. ಹಾಗಾಗಿ ಇಳಿಯೋದು ಸಹಜ. 1985ರಲ್ಲಿ ನಿಮ್ಮ ಮೊದಲ ಸಂಬಳ ಎಷ್ಟಿತ್ತು, ಈಗ ಪಿಂಚಣಿ ಎಷ್ಟು ಬರುತ್ತೆ ಅಂತ ಪಕ್ಕಪಕ್ಕ ಬರೆದುಕೊಳ್ಳಿ. ರೂಪಾಯಿ ಡಾಲರ್ ಮುಂದೆ ಮಾತ್ರ ಸವೆದಿಲ್ಲ, ಹಾವೇರಿ ಸಂತೆಯಲ್ಲೂ ಸವೆದಿದೆ. ಮೆಲ್ಲಗೆ ಸವೆದರೆ ತೊಂದರೆ ಇಲ್ಲ ಅಂತ ನಾನು ಹೇಳುತ್ತಿಲ್ಲ. ಪೆಟ್ರೋಲ್, ಗೊಬ್ಬರ, ಅಡುಗೆ ಎಣ್ಣೆ ಎಲ್ಲಕ್ಕೂ ಅದು ತಟ್ಟುತ್ತದೆ. ಆದರೆ ಅದು ದೇಶ ಮುಳುಗೋ ಲಕ್ಷಣ ಅಲ್ಲ. ನಾನಾದರೆ ಇಳಿಯೋ ರೂಪಾಯಿಗಿಂತ, ಕಟ್ಟಿಹಾಕಿದ ರೂಪಾಯಿಗೆ ಜಾಸ್ತಿ ಹೆದರುತ್ತೇನೆ.

ಗ್ಯಾರಂಟಿ ವಿಷಯ ಸ್ವಲ್ಪದರಲ್ಲೇ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಇದರಲ್ಲಿ ಅರ್ಥಶಾಸ್ತ್ರಕ್ಕಿಂತ ರಾಜಕೀಯ ಜಾಸ್ತಿ. ಕರ್ನಾಟಕದ ಐದು ಗ್ಯಾರಂಟಿಗೆ 2024-25ರ ಬಜೆಟ್‌ನಲ್ಲಿ ಸುಮಾರು 52,000 ಕೋಟಿ ಇಟ್ಟಿದ್ದರು. ಸಣ್ಣ ಮೊತ್ತವಲ್ಲ. ಆ ದುಡ್ಡಿನಲ್ಲಿ ಕೆರೆ, ರಸ್ತೆ, ಆಸ್ಪತ್ರೆ ಆಗಬಹುದಿತ್ತು ಅನ್ನೋ ವಾದದಲ್ಲಿ ಹುರುಳಿದೆ. ತಿಂಗಳಿಗೆ ಎರಡು ಸಾವಿರ ನೇರವಾಗಿ ಮನೆಯ ಯಜಮಾನಿಯ ಕೈಗೆ ಸಿಕ್ಕರೆ ಅದು ಊರಿನ ಅಂಗಡಿಯಲ್ಲೇ ಖರ್ಚಾಗುತ್ತದೆ ಅನ್ನೋದರಲ್ಲೂ ಹುರುಳಿದೆ. ಆದರೆ ಇದರಿಂದ ಡಾಲರ್ ಖಾಲಿಯಾಗಲ್ಲ. ರಾಜ್ಯ ಸರ್ಕಾರ ಬೇಕೆಂದ ಹಾಗೆ ಹೊರದೇಶದ ಮಾರುಕಟ್ಟೆಯಲ್ಲಿ ಸಾಲ ಎತ್ತೋ ಹಾಗಿಲ್ಲ. ವಿತ್ತೀಯ ಕೊರತೆಗೆ, ಅಂದರೆ ಬರೋದಕ್ಕಿಂತ ಜಾಸ್ತಿ ಖರ್ಚು ಮಾಡೋ ಮೊತ್ತಕ್ಕೆ, ರಾಜ್ಯದ ಜಿಡಿಪಿಯ ಶೇ 3ರ ಮಿತಿ ಕಾನೂನಿನಲ್ಲೇ ಇದೆ. ನನಗೆ ಚಿಂತೆ ಆಗೋದು ಕೇಂದ್ರದ ಬಡ್ಡಿ ನೋಡಿದಾಗ. 2025-26ರ ಬಜೆಟ್‌ನಲ್ಲಿ 50.65 ಲಕ್ಷ ಕೋಟಿ ಖರ್ಚಿನಲ್ಲಿ 12.76 ಲಕ್ಷ ಕೋಟಿ ಬರೀ ಬಡ್ಡಿ. ರೂಪಾಯಿಗೆ ನಾಲ್ಕಾಣೆ ಹಳೇ ಸಾಲಕ್ಕೇ ಹೋದರೆ ಶಾಲೆಗೆ, ತರಬೇತಿಗೆ ಉಳಿಯೋದು ಎಷ್ಟು?

ಇನ್ನು ಅಸಲು ಸಮಸ್ಯೆ. ಅದು ನಿಮ್ಮ ಎರಡೂಕಾಲು ಎಕರೆಯಲ್ಲೇ ಇದೆ.

ನಿಮ್ಮ ಅಪ್ಪನ ಒಂಬತ್ತು ಎಕರೆ ನಾಲ್ಕು ಪಾಲಾಯ್ತಲ್ಲ, ಇಡೀ ದೇಶದ ಕತೆಯೂ ಅದೇ. 1970-71ರ ಕೃಷಿ ಗಣತಿಯಲ್ಲಿ ಸರಾಸರಿ ಹಿಡುವಳಿ 2.28 ಹೆಕ್ಟೇರ್, ಅಂದರೆ ಐದೂವರೆ ಎಕರೆಗೂ ಮೇಲೆ. 2015-16ರಲ್ಲಿ 1.08 ಹೆಕ್ಟೇರ್, ಎರಡೂಮುಕ್ಕಾಲು ಎಕರೆಯೂ ಪೂರ್ತಿ ಇಲ್ಲ. ದುಡಿಯೋ ನೂರು ಜನರಲ್ಲಿ 46 ಜನ 2023-24ರಲ್ಲೂ ಕೃಷಿಯಲ್ಲೇ ಇದ್ದರು. ದೇಶದ ಗಳಿಕೆ ನೂರು ರೂಪಾಯಿ ಅಂದರೆ ಅವರೆಲ್ಲರ ಪಾಲಿಗೆ ಬರೋದು ಸುಮಾರು 18. ಕೋವಿಡ್‌ಗೆ ಮುಂಚೆ ಕೃಷಿಯಲ್ಲಿರೋರು ಶೇ 42ರ ಆಸುಪಾಸಿಗೆ ಇಳಿದಿದ್ದರು. ಆಮೇಲೆ ಊರಿಗೆ ಬಂದವರಲ್ಲಿ ಎಷ್ಟೋ ಜನ ವಾಪಸ್ ಹೋಗಲೇ ಇಲ್ಲ. ಮುಂದುವರೀತಿರೋ ದೇಶದಲ್ಲಿ ಜನ ಹೊಲ ಬಿಟ್ಟು ಕಾರ್ಖಾನೆಗೆ ಹೋಗೋದು ವಾಡಿಕೆ. ನಮ್ಮಲ್ಲಿ ಕಾರ್ಖಾನೆ ಬಿಟ್ಟು ಹೊಲಕ್ಕೆ ಬಂದರು.

ಜಗತ್ತಿನ ದೊಡ್ಡ ಆರ್ಥಿಕತೆ ಅನ್ನೋದೂ ಸುಳ್ಳಲ್ಲ. ನೂರಾ ನಲವತ್ತು ಕೋಟಿ ಜನ ಸೇರಿ ದುಡಿದರೆ ಒಟ್ಟು ಮೊತ್ತ ದೊಡ್ಡದಾಗಲೇಬೇಕು. ತಲೆಗೆ ಎಷ್ಟು ಅಂತ ಹಂಚಿದರೆ 2024ರಲ್ಲಿ 2,700 ಡಾಲರ್ ಹತ್ತಿರ. ತಮಾಷೆ ಅಂದರೆ, ಮುಳುಗಿತು ಅಂತ ನಾವು ಮರುಗಿದ ಶ್ರೀಲಂಕಾದ ತಲಾ ಆದಾಯ ಮುಳುಗಿದ ವರ್ಷದಲ್ಲೂ ನಮಗಿಂತ ಜಾಸ್ತಿಯೇ ಇತ್ತು.

ನಿರುದ್ಯೋಗ ಬರೀ ಶೇ 3.2 ಅಂತ ಸರ್ಕಾರದ ಸಮೀಕ್ಷೆ ಹೇಳುತ್ತದೆ, 2023-24ರ ಲೆಕ್ಕ. ಇದೂ ಸುಳ್ಳಲ್ಲ, ಆದರೆ ಎಣಿಸೋ ಕ್ರಮ ತಿಳಿದಿರಬೇಕು. ವರ್ಷದಲ್ಲಿ ಮೂವತ್ತು ದಿನ ದುಡಿದರೂ, ಸಂಬಳವಿಲ್ಲದೆ ಮನೆಯ ಹೊಲದಲ್ಲಿ ದುಡಿದರೂ ಉದ್ಯೋಗಸ್ಥ ಅಂತಲೇ ಲೆಕ್ಕ. ನಿಮ್ಮ ಮಗ ಗೋವಿನಜೋಳದ ತೆನೆ ಮುರಿಯೋಕೆ ಬಂದು ಒಂದು ತಿಂಗಳು ಹೊಲದಲ್ಲಿದ್ದಿದ್ದರೆ, ಆ ಪಟ್ಟಿಯಲ್ಲಿ ಅವನು ನಿರುದ್ಯೋಗಿ ಅಲ್ಲ. 15ರಿಂದ 29 ವರ್ಷದವರನ್ನು ಮಾತ್ರ ತೆಗೆದುಕೊಂಡರೆ ಅದೇ ಸಮೀಕ್ಷೆಯಲ್ಲಿ ಶೇ 10.2. ನಮ್ಮಲ್ಲಿ ಬಡವ ಸುಮ್ನೆ ಕೂರೋಕೆ ಆಗಲ್ಲ, ಸಿಕ್ಕಿದ ಕೆಲಸ ಮಾಡುತ್ತಾನೆ. ಕಾಯೋಕೆ ಆಗೋದು ಮನೆಯಲ್ಲಿ ಪಿಂಚಣಿ ಬರೋರಿಗೆ ಮಾತ್ರ. ಬೇಜಾರು ಮಾಡ್ಕೋಬೇಡಿ, ನನ್ನ ಮನೆಯ ಕತೆಯೂ ಅದೇ ಆಗಿತ್ತು.

ಧಾರವಾಡದ ಸಪ್ತಾಪುರದಲ್ಲಿ ಸಂಜೆ ಒಂದು ಸುತ್ತು ಹಾಕಿ. ಒಂದೊಂದು ರೂಮಿನಲ್ಲಿ ಮೂರು-ನಾಲ್ಕು ಹುಡುಗರು, ಗೋಡೆ ತುಂಬ ಕರ್ನಾಟಕದ ನಕ್ಷೆ, ಕೆಳಗೆ ಜೆರಾಕ್ಸ್ ಅಂಗಡಿ, ಖಾನಾವಳಿ. ಬುದ್ಧಿವಂತ ಹುಡುಗರೇ. 2021ರ ಅಕ್ಟೋಬರ್‌ನಲ್ಲಿ 545 ಪಿಎಸ್ಐ ಹುದ್ದೆಗೆ ಐವತ್ತು ಸಾವಿರಕ್ಕೂ ಹೆಚ್ಚು ಜನ ಪರೀಕ್ಷೆ ಬರೆದರು. ಅಕ್ರಮ ಬಯಲಾಗಿ ಆ ಪರೀಕ್ಷೆ ರದ್ದಾಯ್ತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಓದಿದವನ ವಯಸ್ಸಿನಲ್ಲಿ ಎರಡು ವರ್ಷ ಹೀಗೆ ಹೋಯ್ತು. ಅದು ಯಾವ ಜಿಡಿಪಿ ಲೆಕ್ಕಕ್ಕೂ ಬರಲ್ಲ.

ಐಟಿ ಇದೆಯಲ್ಲ ಅಂತೀರಿ. ಇದೆ, ಡಾಲರ್ ತರೋದರಲ್ಲಿ ಅದರದ್ದು ದೊಡ್ಡ ಕೈ. ಆದರೆ ಇಡೀ ದೇಶದಲ್ಲಿ ಅದರಲ್ಲಿ ಕೆಲಸ ಮಾಡೋರು 55 ಲಕ್ಷದ ಆಸುಪಾಸು. ದುಡಿಯೋ ಕೈಗಳು ಐವತ್ತು ಕೋಟಿಗೂ ಜಾಸ್ತಿ. ಅಂದರೆ ನೂರಕ್ಕೆ ಒಬ್ಬ. ಬೇರೆ ದೇಶಗಳಲ್ಲಿ ಹಳ್ಳಿಯಿಂದ ಬಂದವರಿಗೆ ಕೆಲಸ ಕೊಟ್ಟದ್ದು ಬಟ್ಟೆ, ಚಪ್ಪಲಿ, ಆಟಿಕೆ, ಮೊಬೈಲ್ ಜೋಡಿಸೋ ಕಾರ್ಖಾನೆಗಳು. ನಮ್ಮಲ್ಲಿ ದೇಶದ ಗಳಿಕೆಯಲ್ಲಿ ತಯಾರಿಕೆಯ ಪಾಲು ಶೇ 17ರ ಆಸುಪಾಸಿನಲ್ಲೇ ನಿಂತುಬಿಟ್ಟಿದೆ. ಶೇ 25ಕ್ಕೆ ಏರಿಸ್ತೀವಿ ಅಂತ 2014ರಲ್ಲಿ ಮೇಕ್ ಇನ್ ಇಂಡಿಯಾ ಶುರು ಮಾಡಿದರು, ಆಗಲಿಲ್ಲ. ಸಿದ್ಧ ಉಡುಪಿನ ರಫ್ತಿನಲ್ಲಿ ಬಾಂಗ್ಲಾದೇಶ ನಮ್ಮ ಎರಡು ಪಟ್ಟಿಗೂ ಜಾಸ್ತಿ ಇದೆ. ಕೋಲಾರದ ನರಸಾಪುರದಲ್ಲಿ, ದೇವನಹಳ್ಳಿಯಲ್ಲಿ ಐಫೋನ್ ಜೋಡಿಸ್ತಿದ್ದಾರೆ, ಒಳ್ಳೆಯದೇ. ಇಂಥವು ಹತ್ತಿಪ್ಪತ್ತು ಸಾಲಲ್ಲ, ಹಾವೇರಿ, ಗದಗದಂಥ ಕಡೆ ಬರಬೇಕು.

ಕಾರ್ಖಾನೆ ಬಂದರೆ ಎಲ್ಲ ಸರಿಹೋಗುತ್ತೆ ಅಂತಲೂ ಅಲ್ಲ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೊಸೂರು ರಸ್ತೆ, ತುಮಕೂರು ರಸ್ತೆಗೆ ಇಳಿದದ್ದು ನೆನಪಿರಬಹುದು. ಪಿಎಫ್‌ನಲ್ಲಿ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷದವರೆಗೆ ತೆಗೆಯೋ ಹಾಗಿಲ್ಲ ಅನ್ನೋ ನಿಯಮ ಬಂದಿತ್ತು. ಎರಡೇ ದಿನದಲ್ಲಿ ಕೇಂದ್ರ ಅದನ್ನು ವಾಪಸ್ ತೆಗೆದುಕೊಂಡಿತು. ಅಷ್ಟು ಕಡಿಮೆ ಸಂಬಳದಲ್ಲಿ ಆ ಪಿಎಫ್ ಒಂದೇ ಅವರ ಉಳಿತಾಯ. ಕೂಲಿ ತೀರಾ ಕಡಿಮೆ ಇಟ್ಟು ಕಾರ್ಖಾನೆ ನಡೆಸಿದರೆ ಹೀಗಾಗುತ್ತದೆ. ಹೊರಗಿನ ಮಾಲಿಗೆ ಸುಂಕ ಏರಿಸಿ ನಮ್ಮವರನ್ನು ಕಾಪಾಡೋಣ ಅಂದರೆ ಬಿಡಿಭಾಗ ತುಟ್ಟಿಯಾಗಿ ರಫ್ತಿಗೆ ಪೆಟ್ಟು. ಸಾಲ ಎತ್ತಿ ರಸ್ತೆ, ಬಂದರು ಕಟ್ಟೋಣ ಅಂದರೆ ಆಗಲೇ ಹೇಳಿದ ನಾಲ್ಕಾಣೆ ಬಡ್ಡಿ ಐದಾಣೆ ಆಗುತ್ತದೆ. ಆದರೂ ಮೂರರಲ್ಲಿ ಒಂದು ಆರಿಸು ಅಂದರೆ ನಾನು ಕಾರ್ಖಾನೆಯನ್ನೇ ಆರಿಸ್ತೀನಿ, ಪಿಎಫ್ ಸಮೇತ.

ಇನ್ನು ನಿಮ್ಮ ಮನೆಯ ವಿಷಯ.

22 ಲಕ್ಷ ಎಫ್‌ಡಿ ಒಡೆಯಬೇಡಿ. ಆದರೆ ಒಂದೇ ಬ್ಯಾಂಕಿನಲ್ಲೂ ಬೇಡ. ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ವಿಮೆ ಇರೋದು 5 ಲಕ್ಷಕ್ಕೆ ಮಾತ್ರ, ಬಡ್ಡಿಯೂ ಸೇರಿ. ಒಂದೇ ಬ್ಯಾಂಕಿನ ಮೂರು ಶಾಖೆಯಲ್ಲಿ ಇಟ್ಟರೆ ಉಪಯೋಗವಿಲ್ಲ, ಬ್ಯಾಂಕೇ ಬೇರೆ ಆಗಬೇಕು. ವಾಯಿದೆ ಮುಗಿದ ಹಾಗೆ ಹಂಚುತ್ತಾ ಹೋಗಿ. ಸಣ್ಣ ಸಹಕಾರಿ ಸೊಸೈಟಿಯವರು ಶೇ 2 ಜಾಸ್ತಿ ಕೊಡ್ತೀವಿ ಅಂತ ಮನೆಗೇ ಬರುತ್ತಾರೆ. ಸೊಸೈಟಿ ಠೇವಣಿಗೆ ಈ ವಿಮೆ ಇರಲ್ಲ ಅನ್ನೋದು ನೆನಪಿರಲಿ.

ಬಂಗಾರ? ಮನೆಯಲ್ಲಿರೋದು ಇರಲಿ, ಬೇಕಾದರೆ ಉಳಿತಾಯದ ಹತ್ತನೇ ಒಂದು ಪಾಲು ಅದರಲ್ಲಿರಲಿ. ಎಲ್ಲ ತೆಗೆದು ಬಂಗಾರಕ್ಕೆ ಹಾಕಿದರೆ ತಿಂಗಳ ಬಡ್ಡಿ ನಿಲ್ಲುತ್ತದೆ, ಆಸ್ಪತ್ರೆಗೆ ಅಂತ ಅರ್ಜೆಂಟ್ ಬೇಕಾದಾಗ ಕೂಲಿ, ಸವಕಳಿ ಕಳೆದು ಮಾರಬೇಕಾಗುತ್ತದೆ. ಏರಿರೋವಾಗ ಕೊಳ್ಳೋದು, ಇಳಿದಾಗ ಹೆದರಿ ಮಾರೋದು, ಇದನ್ನು ಬ್ಯಾಂಕಿನ ಕೌಂಟರ್‌ನಲ್ಲಿ ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ.

ಮೂವತ್ತು ಲಕ್ಷದ ಸಾಲ ನನಗೆ ಭಯ ಹುಟ್ಟಿಸುತ್ತದೆ. ಶೇ 11ರ ಬಡ್ಡಿ, ಹತ್ತು ವರ್ಷ ಅಂದರೆ ತಿಂಗಳ ಕಂತು ಸುಮಾರು 41 ಸಾವಿರ. ಓದೋ ಅವಧಿಯ ಬಡ್ಡಿ ಇದಕ್ಕೆ ಸೇರಿಲ್ಲ. ಫೀಸು ಡಾಲರ್‌ನಲ್ಲಿ, ಸಾಲ ರೂಪಾಯಿಯಲ್ಲಿ. ಎರಡನೇ ವರ್ಷದ ಹೊತ್ತಿಗೆ ಡಾಲರ್ ಐದು ರೂಪಾಯಿ ಏರಿದರೆ 20 ಸಾವಿರ ಡಾಲರ್ ಫೀಸಿಗೆ ಒಂದು ಲಕ್ಷ ಜಾಸ್ತಿ ಬೇಕು. ಏಳೂವರೆ ಲಕ್ಷ ದಾಟಿದರೆ ಬ್ಯಾಂಕಿನವರು ಸಾಮಾನ್ಯವಾಗಿ ಆಸ್ತಿ ಅಡಮಾನ ಕೇಳುತ್ತಾರೆ, ಅಂದರೆ ನಿಮ್ಮ ಮನೆ. ಅಲ್ಲಿ ಕೆಲಸ ಸಿಕ್ಕರೆ ಡಾಲರ್‌ನಲ್ಲಿ ಗಳಿಸಿ ನಾಲ್ಕೈದು ವರ್ಷದಲ್ಲಿ ತೀರಿಸಿಯಾನು. ವೀಸಾ ಸಿಗದೆ ವಾಪಸ್ ಬಂದು ಇಲ್ಲಿ 35 ಸಾವಿರದ ಕೆಲಸಕ್ಕೆ ಸೇರಿದರೆ ಕಂತು ಕಟ್ಟೋದು ನಿಮ್ಮ ಪಿಂಚಣಿ. ಹೋಗಲೇಬೇಕು ಅಂದರೆ ಎರಡು ವರ್ಷ ಕೆಲಸ ಮಾಡಿದ ಅನುಭವ ಇಟ್ಟುಕೊಂಡು ಹೋಗಲಿ. ಕೆಲಸ ಗೊತ್ತಿರೋನಿಗೆ ಅಲ್ಲೂ ಬೆಲೆ ಜಾಸ್ತಿ.

ಹದಿನಾರು ಸಾವಿರ ಕಡಿಮೆಯೇ. ಬಿಇ ಓದಿದವನಿಗೆ ಅವಮಾನ ಅನ್ನಿಸೋದು ಸಹಜ. ಆದರೆ ಬೆಳಗಾವಿ ಉದ್ಯಮಬಾಗ್‌ನಲ್ಲಿ ಫೌಂಡ್ರಿ ಇಟ್ಟಿರೋ ನನ್ನ ಹಳೇ ಗ್ರಾಹಕರೊಬ್ಬರು ಹೇಳೋ ಮಾತಿದೆ: "ಸರ್, ಸರ್ಟಿಫಿಕೇಟ್ ಹಿಡ್ಕೊಂಡು ನೂರು ಜನ ಬರ್ತಾರ, ಡ್ರಾಯಿಂಗ್ ಓದಿ ಸಿಎನ್‌ಸಿ ಮಷೀನಿಗೆ ಪ್ರೋಗ್ರಾಮ್ ಹಾಕಾವ್ರು ಮೂರು ಮಂದಿ ಸಿಗಂಗಿಲ್ಲ." ಸಿಎನ್‌ಸಿ ಅಂದರೆ ಕಂಪ್ಯೂಟರ್ ಹೇಳಿದ ಹಾಗೆ ಲೋಹ ಕೊರೆಯೋ ಮಷೀನು. ಆ ಮೂವರಿಗೆ ಸಂಬಳ ಹದಿನಾರು ಸಾವಿರವಲ್ಲ, ಜಾಸ್ತಿ. ಹಾಗಾಗಿ ಮಗ ನೋಡಬೇಕಾದ್ದು ಮೊದಲ ವರ್ಷದ ಸಂಬಳವಲ್ಲ, ಯಾವ ಮಷೀನಿನ ಮುಂದೆ ನಿಲ್ಲಿಸ್ತಾರೆ ಅನ್ನೋದು. ಬರೀ ಸ್ಟೋರ್‌ನಲ್ಲಿ ರಿಜಿಸ್ಟರ್ ಬರೆಸ್ತಾರೆ ಅಂದರೆ ಬೇಡ ಅನ್ನಲಿ. ಬೇಕಾದರೆ ಸಂಜೆ, ಭಾನುವಾರ ಪರೀಕ್ಷೆಗೂ ಓದಲಿ, ಆದರೆ ಅದಕ್ಕೊಂದು ಗಡುವು ಇರಲಿ.

ಸೇರೋಕೆ ಮುಂಚೆ ಮೂರು ಮಾತು ಕೇಳಿಕೊಂಡು ಬರಲಿ. ನೇಮಕಾತಿ ಪತ್ರ ಕಂಪನಿಯ ಹೆಸರಲ್ಲೋ ಅಥವಾ ಕಂಟ್ರಾಕ್ಟರ್ ಹೆಸರಲ್ಲೋ? ಪಿಎಫ್ ಮೊದಲ ತಿಂಗಳಿಂದಲೇ ಕಟ್ಟುತ್ತಾರಾ? ಆರು ತಿಂಗಳಾದ ಮೇಲೆ ಯಾವ ವಿಭಾಗಕ್ಕೆ ಹಾಕುತ್ತಾರೆ? ಅವರು ಏನು ಹೇಳಿದರು ಅಂತ ನನಗೂ ಒಂದು ಸಾಲು ಬರೆಯಿರಿ.